ಪೊಟೋಮ್ಯಾಕ್ ತೀರದ ವಿದ್ಯಾಗಿರಿ

ಯಾತ್ರೆಯೆಂದರೆ ಕೂಡಲಸಂಗಮ, ಉಳವಿ, ಶ್ರೀಶೈಲ ಎಂದು ತಿಳಿದು ಬೆಳೆದವರು ನಾವು. ಮಠದ ಅಂಗಳದಲ್ಲಿ ಅಕ್ಷರ ಕಲಿತು, ಮಠದ ಪ್ರಸಾದದಿಂದಲೇ ಮೈ ಬೆಳೆಸಿಕೊಂಡ ನಮಗೆ ಸಪ್ತಸಾಗರ ದಾಟಿ ಒಂದು ವಿಶ್ವವಿದ್ಯಾನಿಲಯವನ್ನು ನೋಡಿಬರುವ ಯೋಗ ಒದಗೀತೆಂಬ ಕಲ್ಪನೆಯೂ ಇರಲಿಲ್ಲ. ಆದರೆ 2023ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕೆಯಲ್ಲಿ ನೆಲೆಸಿರುವ ಭಕ್ತರ ಆಹ್ವಾನದ ಮೇರೆಗೆ ವಚನ ಪ್ರವಚನಕ್ಕಾಗಿ ಹೋದಾಗ ಅಂಥದೊಂದು ಯೋಗ ಕೂಡಿಬಂದಿತು. ಅಲ್ಲಿ ಕಂಡದ್ದನ್ನು, ಕಂಡು ನಮ್ಮೊಳಗೆ ಕದಡಿದ್ದನ್ನು, ಈ ಪತ್ರಿಕೆಯ ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬ ಅಪೇಕ್ಷೆಯಿಂದ ಈ ಬರಹ.

ನಾವು ಇಳಿದುಕೊಂಡದ್ದು ವಾಷಿಂಗ್ಟನ್ ನಗರಕ್ಕೆ ಹತ್ತಿರವಾದ ವರ್ಜೀನಿಯಾ ರಾಜ್ಯದ ಒಂದು ಊರಿನಲ್ಲಿ. ಮನೆಯ ಯಜಮಾನರು ಬೈಲಹೊಂಗಲ ಸೀಮೆಯವರು, ಗಣಕಯಂತ್ರದ ಇಂಜಿನಿಯರು. ಗೃಹಿಣಿ ಆಸ್ಪತ್ರೆಯೊಂದರಲ್ಲಿ ಉದ್ಯೋಗಿ. ನಸುಕಿನಲ್ಲಿಯೇ ಎದ್ದು ಇಷ್ಟಲಿಂಗ ಪೂಜೆ ಮುಗಿಸಿಯೇ ಕೆಲಸಕ್ಕೆ ಹೊರಡುವ ಸದ್ಭಕ್ತ ದಂಪತಿಗಳು. ಅವರ ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಳು. ಮೂರು ದಿನಗಳಾಗುವಷ್ಟರಲ್ಲಿ ಮನೆಯೊಳಗೆ ಒಂದು ಮೌನ ಕಲಹ ನಡೆದಿರುವುದು ನಮ್ಮ ಗಮನಕ್ಕೆ ಬಂದಿತು. ತಂದೆಗೆ ಮಗಳು ಕಂಪ್ಯೂಟರ್ ಶಾಸ್ತ್ರ ಓದಬೇಕೆಂಬ ಹಟ. ಮಗಳಿಗೆ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳ ಪದವಿ ಪಡೆಯಬೇಕೆಂಬ ಹಂಬಲ.

“ಗುರುಗಳೆ, ನೀವಾದರೂ ಒಂದು ಮಾತು ಹೇಳ್ರಿ” ಎಂದರು ತಾಯಿ.

“ಆರ್ಟ್ಸ್ ಅಂದ್ರ ನಮ್ಮ ಕಡೆ ಬ್ಯಾರೆ ಸೀಟು ಸಿಗದವರು ತೊಗೊಳ್ಳೋ ಬಿ.ಎ. ಅಲ್ಲೇನ್ರಿ? ಇಷ್ಟು ದುಡ್ಡು ಸುರುವಿ ಅದನ್ನ ಯಾಕ ಓದಬೇಕು?” ಎಂದರು ತಂದೆ.

ಮಗಳು ಮಾತ್ರ ನಮ್ಮ ಮುಂದೆ ಕುಳಿತು, “ಅಜ್ಜಾರ, ನೋಡದೇ ಬ್ಯಾಡ ಅನಬ್ಯಾಡ್ರಿ. ಒಮ್ಮೆ ಬಂದು ನೋಡ್ರಿ” ಎಂದಳು.

ನ್ಯಾಯವಾದ ಮಾತು. ಕಾಣದುದರ ಬಗ್ಗೆ ತೀರ್ಪು ಕೊಡುವುದು ಓದಿದವರಿಗೆ ಒಪ್ಪುವುದಲ್ಲ. ಆ ಶನಿವಾರವೇ ನಾಲ್ವರೂ ಹೊರಟೆವು.

ಜಾರ್ಜ್‌ಟೌನ್ ಬಡಾವಣೆಗೆ ಭೂಗರ್ಭ ರೈಲಿನ ನಿಲ್ದಾಣವಿಲ್ಲ. ನದಿಯ ಈಚೆಯ ರಾಸ್ಲಿನ್ ಎಂಬಲ್ಲಿ ಇಳಿದು, ಫ್ರಾನ್ಸಿಸ್ ಸ್ಕಾಟ್ ಕೀ ಅವರ ಹೆಸರಿನ ಸೇತುವೆಯ ಮೇಲೆ ನಡೆದುಹೋಗಬೇಕು. ಕೆಳಗೆ ಪೊಟೋಮ್ಯಾಕ್ ನದಿ ಗಂಭೀರವಾಗಿ ಹರಿಯುತ್ತಿದ್ದಿತು. ದಂಡೆಯ ಮರಗಳೆಲ್ಲ ಶರತ್ಕಾಲದ ಕೆಂಪು, ಹಳದಿ ಬಣ್ಣ ತಳೆದಿದ್ದವು. ಎದುರಿನ ಗುಡ್ಡದ ಮೇಲೆ ಬೂದುಬಣ್ಣದ ಕಲ್ಲಿನ ಗೋಪುರವೊಂದು ಆಕಾಶಕ್ಕೆ ಚುಚ್ಚಿ ನಿಂತಂತೆ ಕಾಣುತ್ತಿದ್ದಿತು. “ಅದೇ ಹೀಲಿ ಹಾಲ್, ಅಜ್ಜಾರ” ಎಂದು ಹುಡುಗಿ ಕೈಮಾಡಿ ತೋರಿಸಿದಳು. ದೂರದಿಂದ ಶ್ರೀಶೈಲದ ಶಿಖರ ಕಂಡಾಗ ನಮ್ಮ ಕಡೆಯ ಮುದುಕಿಯರು ಕೈಮುಗಿಯುವ ರೀತಿಯೇ ಅವಳ ಮುಖದಲ್ಲಿದ್ದಿತು.

ಸೇತುವೆ ದಾಟಿ ಏರು ಹತ್ತಿದರೆ ಇಟ್ಟಿಗೆಯ ಹಳೆಯ ಮನೆಗಳ ಸಾಲು. ಓ ರಸ್ತೆಯಲ್ಲಿ ಹಾಸುಗಲ್ಲುಗಳ ನಡುವೆ, ಎಂದೋ ನಿಂತುಹೋದ ಟ್ರಾಮ್ ಗಾಡಿಯ ಹಳಿಗಳು ಇಂದಿಗೂ ಉಳಿದಿವೆ. ರಸ್ತೆ ಮುಗಿಯುವಲ್ಲಿ ವಿಶ್ವವಿದ್ಯಾನಿಲಯದ ಮಹಾದ್ವಾರ. ಒಳಹೊಕ್ಕರೆ ಎದುರಿಗೆ ಸ್ಥಾಪಕ ಜಾನ್ ಕ್ಯಾರೊಲ್ ಅವರ ಕುಳಿತ ಭಂಗಿಯ ಕಂಚಿನ ಪ್ರತಿಮೆ. ವಿದ್ಯಾರ್ಥಿಗಳು ಆ ಮಹನೀಯರ ತೊಡೆಯ ಮೇಲೇರಿ ಕುಳಿತು ಚಿತ್ರ ತೆಗೆಸಿಕೊಳ್ಳುತ್ತಿದ್ದರು! ಮೊದಲು ನಮಗೆ ಕಸಿವಿಸಿಯಾಯಿತು. ಆಮೇಲೆ, ಅಜ್ಜನ ತೊಡೆಯೇರಲು ಮೊಮ್ಮಕ್ಕಳಿಗೆ ಯಾರ ಅಪ್ಪಣೆ ಬೇಕು ಎಂದು ನಕ್ಕೆವು. ಹೀಲಿ ಗೋಪುರದ ಗಡಿಯಾರದ ಮುಳ್ಳುಗಳನ್ನು ಕದ್ದೊಯ್ಯುವುದೂ ಅಲ್ಲಿಯ ವಿದ್ಯಾರ್ಥಿಗಳ ಹಳೆಯ ಚೇಷ್ಟೆಯಂತೆ. ಮಠದ ಗಂಟೆಯ ನಾಲಗೆಯನ್ನು ಬಿಚ್ಚಿ ಅಡಗಿಸಿಟ್ಟು ಬೆಳಗಿನ ನಿದ್ರೆ ಗಳಿಸಿಕೊಂಡ ನಮ್ಮ ಬಾಲ್ಯ ನೆನಪಾಯಿತು. ಹುಡುಗರು ಎಲ್ಲಿಯಾದರೂ ಹುಡುಗರೇ.

ಜಾನ್ ಕ್ಯಾರೊಲ್ ಅವರು ಅಮೆರಿಕೆಯ ಮೊದಲ ಕ್ಯಾಥೋಲಿಕ್ ಬಿಷಪ್. 1789ರಲ್ಲಿ ಅವರು ಸ್ಥಾಪಿಸಿದ ಈ ವಿದ್ಯಾಲಯ ಆ ದೇಶದ ಕ್ಯಾಥೋಲಿಕ್ ವಿಶ್ವವಿದ್ಯಾನಿಲಯಗಳಲ್ಲಿಯೇ ಅತ್ಯಂತ ಪ್ರಾಚೀನವಾದುದು. ಇದನ್ನು ಬೆಳೆಸಿದವರು ಜೆಸುಯಿಟ್ ಸಂನ್ಯಾಸಿಗಳು. ಇಗ್ನೇಷಿಯಸ್ ಲೊಯೋಲರ ಈ ಸಂಘಕ್ಕೆ 1540ರಲ್ಲಿ ಪೋಪರ ಮನ್ನಣೆ ದೊರೆಯಿತು. ಹೋದಲ್ಲೆಲ್ಲ ಶಾಲೆ ಕಟ್ಟುವುದು ಈ ಸಂಘದ ವ್ರತ. ನಮ್ಮ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಸ್ಥಾಪಿಸಿದವರೂ ಇದೇ ಸಂಘದವರು. ಮಠಾಧಿಪತಿಗಳು ವಿದ್ಯಾದಾನ ಮಾಡುವುದು ನಮಗೆ ಹೊಸತಲ್ಲ. ವಿಜಯಪುರದಲ್ಲಿ 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ, ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಶಿಕ್ಷಕರು ಹಾಗೂ ಧುರೀಣರು ಕಟ್ಟಿದ ಕೆ.ಎಲ್.ಇ. ಸಂಸ್ಥೆ, ಸಿದ್ಧಗಂಗೆಯ, ಸುತ್ತೂರಿನ ಪ್ರಸಾದ ನಿಲಯಗಳು, ಇವೆಲ್ಲ ನಮ್ಮ ನಾಡಿನಲ್ಲಿ ಅದೇ ಕಾರ್ಯವನ್ನು ಮಾಡಿವೆ. ಆದುದರಿಂದ ಆ ಆವರಣದಲ್ಲಿ ಕಾಲಿಟ್ಟಾಗ ಪರಕೀಯ ಭಾವನೆ ಉಂಟಾಗಲಿಲ್ಲ. ದೂರದ ನೆಂಟರ ಮಠಕ್ಕೆ ಬಂದಂತೆಯೇ ಅನ್ನಿಸಿತು.

ಹೀಲಿ ಹಾಲ್‌ಗೆ ಹೆಸರು ಕೊಟ್ಟ ಪ್ಯಾಟ್ರಿಕ್ ಹೀಲಿ ಅವರ ಕಥೆ ಕೇಳಿ ನಾವು ಬೆರಗಾದೆವು. ಇವರ ತಂದೆ ಐರ್ಲೆಂಡ್ ಮೂಲದ ಜಮೀನುದಾರ. ತಾಯಿ ಆತನ ಜಮೀನಿನಲ್ಲಿದ್ದ ಗುಲಾಮ ಹೆಣ್ಣುಮಗಳು. ಅಂದಿನ ಕಾನೂನಿನ ಪ್ರಕಾರ ತಾಯಿ ಗುಲಾಮಳಾದರೆ ಮಗುವೂ ಗುಲಾಮನೇ. ಅಂಥ ಮಗು ಬೆಳೆದು ಸಂನ್ಯಾಸಿಯಾಗಿ, ವಿದ್ವಾಂಸನಾಗಿ, 1874ರಿಂದ 1882ರವರೆಗೆ ಈ ವಿದ್ಯಾಲಯದ ಅಧ್ಯಕ್ಷನಾಯಿತು. ಆದರೆ ಅವರ ಜೀವಿತಕಾಲದಲ್ಲಿ ಜನರು ಅವರನ್ನು ಬಿಳಿಯರೆಂದೇ ಭಾವಿಸಿದ್ದರು. ಅವರ ಜನ್ಮಮೂಲವನ್ನು ಬಹಿರಂಗವಾಗಿ ಹೆಮ್ಮೆಯಿಂದ ಹೇಳಲಾರಂಭಿಸಿದ್ದು ಎಷ್ಟೋ ಕಾಲದ ಮೇಲೆ. ಈ ಸಂಗತಿಯನ್ನು ಹುಡುಗಿಯೇ ನಮಗೆ ವಿವರಿಸಿದಳು.

ಇನ್ನು ಅವಳು ಸೇರಬಯಸಿದ ಶಾಲೆಯ ವಿಚಾರ. ಅದಕ್ಕೆ ಸ್ಕೂಲ್ ಆಫ್ ಫಾರಿನ್ ಸರ್ವಿಸ್ ಎಂದು ಹೆಸರು. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಎಡ್ಮಂಡ್ ವಾಲ್ಷ್ ಎಂಬ ತರುಣ ಜೆಸುಯಿಟ್ ಪಾದ್ರಿಗಳು ಇದನ್ನು ಸ್ಥಾಪಿಸಿದರು. ಅಮೆರಿಕ ಸರ್ಕಾರದ ರಾಯಭಾರ ಸೇವೆ ಇಂದಿನ ರೂಪದಲ್ಲಿ ವ್ಯವಸ್ಥಿತವಾದದ್ದು 1924ರ ಕಾನೂನಿನಿಂದ. ಅಂದರೆ ಸೇವೆಗಿಂತ ಐದು ವರ್ಷ ಮೊದಲೇ ಆ ಸೇವೆಗೆ ಮಕ್ಕಳನ್ನು ಸಿದ್ಧಪಡಿಸುವ ಶಾಲೆ ಹುಟ್ಟಿತು! ಲಕ್ಷಾಂತರ ತರುಣರನ್ನು ಬಲಿತೆಗೆದುಕೊಂಡ ಯುದ್ಧದ ತರುವಾಯ, ದೇಶದೇಶಗಳು ಒಂದನ್ನೊಂದು ಅರಿಯದೆ ಬದುಕಲಾರವೆಂಬ ತಿಳಿವಳಿಕೆ ಅದರ ಹಿಂದೆ ಇದ್ದಿತು. ಇದೇ ವಾಲ್ಷ್ ಅವರು 1922ರಲ್ಲಿ ರಷ್ಯ ದೇಶದ ಭೀಕರ ಕ್ಷಾಮದ ಕಾಲಕ್ಕೆ ಪೋಪರ ಪರವಾಗಿ ಅಲ್ಲಿಗೆ ಹೋಗಿ ಹಸಿದವರಿಗೆ ಅನ್ನ ನೀಡುವ ಕಾರ್ಯದ ನೇತೃತ್ವ ವಹಿಸಿದರು. ರಾಜಕಾರಣವನ್ನು ಬೋಧಿಸಿದ ಕೈಯೇ ದಾಸೋಹವನ್ನೂ ನಡೆಸಿತೆಂಬುದನ್ನು ಕೇಳಿ ನಮಗೆ ಸಂತೋಷವಾಯಿತು. ಅಮೆರಿಕೆಯ ಅಧ್ಯಕ್ಷರಾದ ಬಿಲ್ ಕ್ಲಿಂಟನ್ ಅವರು 1968ರಲ್ಲಿ ಪದವಿ ಪಡೆದದ್ದು ಇಲ್ಲಿಯೇ. 2005ರಿಂದ ಕತಾರ್ ದೇಶದ ದೋಹಾ ನಗರದಲ್ಲಿಯೂ ಇದರ ಶಾಖೆಯಿದೆ.

ಶಾಲೆಯಿರುವುದು 1982ರಲ್ಲಿ ಕಟ್ಟಿದ, ಛಾವಣಿಯ ತುಂಬ ಸೌರಫಲಕಗಳನ್ನು ಹೊದಿಸಿದ ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ. ಅದರ ಮುಂದಿನ ಕಟ್ಟೆಯ ಮೇಲೆ ಕುಳಿತು, ಮನೆಯಿಂದ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರಿನ ಬುತ್ತಿ ಬಿಚ್ಚಿದೆವು. ಪ್ರಸಾದ ಸ್ವೀಕರಿಸುತ್ತಲೇ ಪಠ್ಯಕ್ರಮದ ಪತ್ರಿಕೆಯನ್ನು ಹರಡಿಕೊಂಡು ಹುಡುಗಿ ಬಿಡಿಸಿ ಹೇಳಿದಳು. ನಮ್ಮ ಓದುಗರಲ್ಲಿಯೂ ಅನೇಕರ ಮನೆಗಳಲ್ಲಿ ಮಕ್ಕಳ ಮುಂದಿನ ಓದಿನ ಚಿಂತೆ ಇರುವುದರಿಂದ ಅದನ್ನು ಕೊಂಚ ವಿವರವಾಗಿಯೇ ಬರೆಯುತ್ತೇವೆ.

ಪದವಿಯ ಅವಧಿ ನಾಲ್ಕು ವರ್ಷ. ಒಟ್ಟು 120 ಕ್ರೆಡಿಟ್‌ಗಳು. ಇದರ ರಚನೆಯನ್ನು ಒಂದು ಮರಕ್ಕೆ ಹೋಲಿಸಬಹುದು. ಬೇರು ಎಲ್ಲರಿಗೂ ಒಂದೇ: ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ತತ್ತ್ವಶಾಸ್ತ್ರ, ಧರ್ಮಶಾಸ್ತ್ರ. ಅಲ್ಲಿಯವರು ಲಿಬರಲ್ ಆರ್ಟ್ಸ್ ಎಂದು ಕರೆಯುವ ವಿದ್ಯೆಗಳ ತಿರುಳು ಇದು. ರಾಯಭಾರಿಯಾಗಬೇಕೆನ್ನುವವನು ಕೇವಲ ಸಂಧಿ-ಒಪ್ಪಂದಗಳ ಕಾಗದ ಓದಿದರೆ ಸಾಲದು. ಮನುಷ್ಯರು ಏನನ್ನು ನಂಬುತ್ತಾರೆ, ಏತಕ್ಕಾಗಿ ಹೊಡೆದಾಡುತ್ತಾರೆ, ಯಾವುದರಿಂದ ಹೊಟ್ಟೆ ಹೊರೆಯುತ್ತಾರೆ ಎಂಬುದನ್ನು ಅರಿಯಬೇಕೆಂಬುದು ಇದರ ಇಂಗಿತ.

ಕಾಂಡವೇ ಮೇಜರ್, ಅಂದರೆ ಪ್ರಧಾನ ವಿಷಯ. ಅಂತರರಾಷ್ಟ್ರೀಯ ರಾಜಕಾರಣ, ಅಂತರರಾಷ್ಟ್ರೀಯ ಅರ್ಥಶಾಸ್ತ್ರ, ಅಂತರರಾಷ್ಟ್ರೀಯ ಚರಿತ್ರೆ, ಸಂಸ್ಕೃತಿ ಮತ್ತು ರಾಜಕಾರಣ, ಪ್ರಾದೇಶಿಕ ಅಧ್ಯಯನ, ವಿಜ್ಞಾನ-ತಂತ್ರಜ್ಞಾನ ಮತ್ತು ಅಂತರರಾಷ್ಟ್ರೀಯ ವ್ಯವಹಾರ ಮೊದಲಾದವುಗಳಲ್ಲಿ ಒಂದನ್ನು ವಿದ್ಯಾರ್ಥಿ ಆರಿಸಿಕೊಳ್ಳುತ್ತಾನೆ. ಕೊನೆಯದನ್ನು ಕೇಳಿದಾಗ ಇಂಜಿನಿಯರ್ ತಂದೆಯ ಕಿವಿ ನಿಮಿರಿತು. ರೋಗರುಜಿನ, ಹವಾಮಾನ, ಇಂಧನ ಇವುಗಳಿಗೆ ದೇಶಗಳ ಗಡಿಯಿಲ್ಲ. ಆದ್ದರಿಂದ ವಿಜ್ಞಾನ ಬಲ್ಲ ರಾಯಭಾರಿಗಳೂ, ರಾಜಕಾರಣ ಬಲ್ಲ ವಿಜ್ಞಾನಿಗಳೂ ಬೇಕೆಂಬ ಕಾರಣದಿಂದ ಆ ವಿಭಾಗ.

ಕೊಂಬೆಯೇ ಮೈನರ್, ಅಂದರೆ ಉಪವಿಷಯ. ಪ್ರಧಾನ ವಿಷಯಕ್ಕಿಂತ ಕಡಿಮೆ, ಸಾಮಾನ್ಯವಾಗಿ ಆರರ ಆಸುಪಾಸಿನ ಪಾಠಗಳನ್ನು ಮುಗಿಸಿದರೆ ಇನ್ನೊಂದು ಶಾಸ್ತ್ರದಲ್ಲಿ ಪರಿಶ್ರಮವಿದೆಯೆಂದು ಪದವಿಯ ದಾಖಲೆಯಲ್ಲಿ ನಮೂದಾಗುತ್ತದೆ. ಒಂದು ಭಾಷೆ ಮತ್ತು ಅದರ ಸಾಹಿತ್ಯ, ಒಂದು ಭೂಭಾಗದ ಅಧ್ಯಯನ, ನ್ಯಾಯ ಮತ್ತು ಶಾಂತಿಯ ಅಧ್ಯಯನ, ಹೀಗೆ ಹಲವು ಬಗೆ. ಸಂಗೀತದಲ್ಲಿ ಪ್ರಧಾನ ರಾಗದ ಜೊತೆಗೆ ಶ್ರುತಿ ಹಿಡಿದಂತೆ ಇದು. ಒಬ್ಬನೇ ಒಂದನ್ನೇ ಓದಿ ಉಳಿದುದಕ್ಕೆ ಕುರುಡನಾಗದಿರಲಿ ಎಂಬ ಎಚ್ಚರ.

ಇವೆರಡಕ್ಕಿಂತ ನಮ್ಮ ಮನಸ್ಸನ್ನು ಹಿಡಿದವು ಬೇರೆ ಎರಡು ನಿಯಮಗಳು. ಒಂದು, ಜಗತ್ತಿನ ಭೂಪಟದ ಪಾಠ. ಒಂದೇ ಕ್ರೆಡಿಟ್‌ನ ಚಿಕ್ಕ ಪಾಠವಾದರೂ ಇದನ್ನು ದಾಟದೆ ಪದವಿಯಿಲ್ಲ. ಜಗತ್ತಿನ ದೇಶಗಳೆಲ್ಲ ಎಲ್ಲೆಲ್ಲಿವೆ, ಗಡಿಗಳು ಯಾವಾಗ ಏಕೆ ಸರಿದವು ಎಂಬುದನ್ನು ಬಾಯಿಪಾಠವಾಗಿಯೇ ಅರಿತಿರಬೇಕು. ಇನ್ನೊಂದು, ಪರಭಾಷೆಯ ಮೌಖಿಕ ಪರೀಕ್ಷೆ. ಅರಬ್ಬಿಯಾಗಲಿ ಚೀನಿಯಾಗಲಿ ಫ್ರೆಂಚಾಗಲಿ, ಆಯ್ದುಕೊಂಡ ಭಾಷೆಯಲ್ಲಿ ಅಧ್ಯಾಪಕರ ಮುಂದೆ ಕುಳಿತು ಲೋಕವಿಚಾರವನ್ನು ಸಂಭಾಷಿಸಿ ತೇರ್ಗಡೆಯಾಗಬೇಕು. ಬರೆದು ಪಾರಾಗುವಂತಿಲ್ಲ, ಎದುರಿನವರ ಮಾತನ್ನು ಕೇಳಿಸಿಕೊಳ್ಳಬೇಕು. ಅನುಭವ ಮಂಟಪದ ನೆನಪಾಗದಿದ್ದೀತೆ? ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ, ಆದಯ್ಯ ಸೌರಾಷ್ಟ್ರದಿಂದ, ಮರುಳಶಂಕರದೇವ ಇಂದಿನ ಅಫಘಾನಿಸ್ತಾನದ ಕಡೆಯಿಂದ ಕಲ್ಯಾಣಕ್ಕೆ ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಅವರೆಲ್ಲ ಯಾವುದೋ ಒಂದು ಗಳಿಗೆಯಲ್ಲಿ ಕನ್ನಡವನ್ನು ಕಲಿತಿರಲೇಬೇಕು. ಕಲ್ಯಾಣದವರೂ ಅವರ ತೊದಲನ್ನು ತಾಳ್ಮೆಯಿಂದ ಕೇಳಿರಲೇಬೇಕು. ಪರಭಾಷೆ ಕಲಿಯುವುದೆಂದರೆ ಪರರ ಮನೆಯ ಹೊಸ್ತಿಲಲ್ಲಿ ಪಾದರಕ್ಷೆ ಕಳಚಿದಂತೆ.

ತಂದೆಯವರು ಕೇಳಿಸಿಕೊಂಡು, “ಇದು ನಮ್ಮೂರ ಬಿ.ಎ. ಅಲ್ಲ ಬಿಡ್ರಿ” ಎಂದು ಒಪ್ಪಿಕೊಂಡರು. ನಮ್ಮೂರ ಬಿ.ಎ. ಪದವಿಯನ್ನೂ ಹೀಗಳೆಯುವುದು ತರವಲ್ಲವೆಂದು ನಾವು ತಿದ್ದಿದೆವು. ಅದನ್ನೇ ಓದಿ ದೊಡ್ಡವರಾದವರು ಎಷ್ಟು ಮಂದಿ!

ಧರ್ಮಶಾಸ್ತ್ರದ ಪಾಠವೆಂದರೆ ಮತಾಂತರದ ಬಲೆಯೇ ಎಂಬ ಶಂಕೆ ತಾಯಿಯವರಿಗಿದ್ದಿತು. ಅದನ್ನು ನಿವಾರಿಸಿದ್ದು ಆವರಣದಲ್ಲಿಯೇ ಇರುವ ಧರ್ಮಾಲಯ. ಭಾರತೀಯ ಮೂಲದ ಧರ್ಮಗಳ ವಿದ್ಯಾರ್ಥಿಗಳಿಗೆಂದು ವಿಶ್ವವಿದ್ಯಾನಿಲಯವೇ ಏರ್ಪಡಿಸಿದ ಧ್ಯಾನಮಂದಿರವದು. ಮುಸ್ಲಿಮ್ ವಿದ್ಯಾರ್ಥಿಗಳಿಗೆ 1999ರಿಂದಲೇ ಪೂರ್ಣಾವಧಿಯ ಇಮಾಮರಿದ್ದಾರೆ. ಸಂಸ್ಥೆಯ ಲಾಂಛನದ ಮೇಲಿನ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ, ಎರಡೂ ಸೇರಿ ಒಂದು ಎಂದು. ಅಂಗ-ಲಿಂಗ ಸಾಮರಸ್ಯವನ್ನು ಧ್ಯಾನಿಸುವ ನಮಗೆ ಆ ಮಾತು ಕಿವಿಗೆ ಇಂಪಾಗಿ ಕೇಳಿಸಿತು. ಆದರೆ ಎರಡನ್ನೂ ಒಂದೆಂದು ಸಾರಿದ ಸಂಸ್ಥೆ ತನ್ನ ನಡೆಯಲ್ಲಿ ಹೇಗಿದ್ದಿತು? ಅದರ ಉತ್ತರ ಮುಂದಿನ ಕಟ್ಟಡದಲ್ಲಿ ಕಾದಿದ್ದಿತು.

ಹಳೆಯ ಇಟ್ಟಿಗೆಯ ಕಟ್ಟಡವೊಂದರ ಮುಂದೆ ಹುಡುಗಿ ನಿಂತಳು. ಅದರ ಹೆಸರು ಐಸಾಕ್ ಹಾಕಿನ್ಸ್ ಹಾಲ್. “ಇವರು ಯಾವ ವಿದ್ವಾಂಸರು?” ಎಂದು ಕೇಳಿದೆವು. “ವಿದ್ವಾಂಸರಲ್ರಿ ಅಜ್ಜಾರ, ಇವರನ್ನ ಮಾರಿದ್ರು” ಎಂದಳು.

1838ರಲ್ಲಿ ಮೇರಿಲ್ಯಾಂಡ್ ಪ್ರಾಂತದ ಜೆಸುಯಿಟ್ ಸಂನ್ಯಾಸಿಗಳು ತಮ್ಮ ಜಮೀನುಗಳಲ್ಲಿ ದುಡಿಯುತ್ತಿದ್ದ 272 ಜನ ಗುಲಾಮರನ್ನು 1,15,000 ಡಾಲರಿಗೆ ದೂರದ ಲೂಸಿಯಾನಾದ ಜಮೀನುದಾರರಿಗೆ ಮಾರಿದರು. ಆ ಹಣದ ಒಂದು ಭಾಗದಿಂದ ಈ ಕಾಲೇಜಿನ ಸಾಲ ತೀರಿತು. ಕುಟುಂಬಗಳನ್ನು ಅಗಲಿಸಬಾರದೆಂದು ರೋಮ್ ನಗರದಿಂದ ಬಂದ ಷರತ್ತೂ ಪಾಲನೆಯಾಗಲಿಲ್ಲ. ಮಾರಾಟದ ಪತ್ರದಲ್ಲಿ ಮೊದಲು ಬರೆದ ಹೆಸರು ಐಸಾಕ್, ವಯಸ್ಸು ಅರವತ್ತೈದು. ನಮ್ಮದೂ ಅದೇ ಆಸುಪಾಸಿನ ವಯಸ್ಸು. ಆ ವಯಸ್ಸಿನಲ್ಲಿ ನಮ್ಮನ್ನು ಭಕ್ತರು ವಿಮಾನದಲ್ಲಿ ಕರೆತಂದು, ಕಾಲು ನೋಯದಂತೆ ಕೈಹಿಡಿದು ನಡೆಸುತ್ತಿದ್ದಾರೆ. ಆ ಮುದುಕನನ್ನೋ, ಪೂಜೆ-ಪ್ರಾರ್ಥನೆ ಮಾಡುವ ಗುರುಗಳೇ ಬೆಲೆ ಕಟ್ಟಿ ಮಾರಿದರು. ನಾವು ಬಹಳ ಹೊತ್ತು ಅಲ್ಲಿಂದ ಕದಲಲಾರದಾದೆವು.

ಈ ಕಟ್ಟಡಕ್ಕೆ ಹಿಂದೆ ಆ ಮಾರಾಟವನ್ನು ನಡೆಸಿದ ಥಾಮಸ್ ಮುಲೆಡಿ ಎಂಬ ಧರ್ಮಗುರುವಿನ ಹೆಸರೇ ಇದ್ದಿತು. 2015ರಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯ ಹೊರಗೆ ಧರಣಿ ಕುಳಿತರು. ಆ ಹೆಸರು ಹೋಯಿತು. ಸಂಸ್ಥೆ ತನ್ನ ಹಳೆಯ ದಫ್ತರಗಳನ್ನು ತಾನೇ ತೆರೆದು ಎಲ್ಲರ ಮುಂದಿಟ್ಟಿತು. 2017ರ ಏಪ್ರಿಲ್ 18ರಂದು, ಮಾರಲ್ಪಟ್ಟವರ ವಂಶಸ್ಥರನ್ನು ಕರೆಸಿ, ಬಹಿರಂಗವಾಗಿ ಕ್ಷಮೆ ಬೇಡಿ, ಕಟ್ಟಡಕ್ಕೆ ಐಸಾಕರ ಹೆಸರನ್ನಿಟ್ಟರು. ಇನ್ನೊಂದು ಕಟ್ಟಡಕ್ಕೆ ಆ್ಯನ್ ಮೇರಿ ಬೆಕ್ರಾಫ್ಟ್ ಅವರ ಹೆಸರು. ಇದೇ ಊರಿನಲ್ಲಿ ಕಪ್ಪು ಜನಾಂಗದ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದ, ಮುಂದೆ ಸಂನ್ಯಾಸಿನಿಯಾದ ಮಹಾತಾಯಿ ಆಕೆ. 2019ರಲ್ಲಿ ವಿದ್ಯಾರ್ಥಿಗಳು ಮತದಾನ ಮಾಡಿ, ವಂಶಸ್ಥರ ಹಿತಕ್ಕಾಗಿ ಪ್ರತಿಯೊಬ್ಬರೂ ಅರ್ಧವರ್ಷಕ್ಕೆ 27 ಡಾಲರ್ 20 ಸೆಂಟ್ ಕೊಡಬೇಕೆಂದು ಬಹುಮತದಿಂದ ಕೇಳಿಕೊಂಡರು. 272 ಎಂಬ ಸಂಖ್ಯೆಯ ಗುರುತು ಅದು. 2021ರಲ್ಲಿ ಜೆಸುಯಿಟ್ ಸಂಘ ವಂಶಸ್ಥರೊಡನೆ ಕೂಡಿ ಸ್ಥಾಪಿಸಿದ ಪ್ರತಿಷ್ಠಾನಕ್ಕೆ ಹತ್ತು ಕೋಟಿ ಡಾಲರ್ ಸಂಗ್ರಹಿಸಿ ಕೊಡುವುದಾಗಿ ವಚನವಿತ್ತಿತು. ಇದರಿಂದ ಪಾಪ ಪೂರ್ಣ ತೊಳೆಯಿತೆ? ತೊಳೆಯಲಿಲ್ಲವೆಂದು ಹೇಳುವ ವಂಶಸ್ಥರೂ ಇದ್ದಾರೆ. ಅವರ ಮಾತೂ ನಿಜವೇ. ಆದರೆ ಮುಚ್ಚಿಡಲಿಲ್ಲ, ಅಷ್ಟು ಸತ್ಯ.

ಆಗ ಹುಡುಗಿ ನಮ್ಮ ಮುಖ ನೋಡಿ ಕೇಳಿದಳು: “ಅಜ್ಜಾರ, ನಮ್ಮಲ್ಲಿ ಇಂಥಾದ್ದು ಏನೂ ಆಗಿಲ್ಲೇನ್ರಿ?”

ಪ್ರವಚನದ ಪೀಠದ ಮೇಲಾಗಿದ್ದರೆ, ಶರಣರು ಎಂಟುನೂರು ವರ್ಷಗಳ ಹಿಂದೆಯೇ ಮೇಲುಕೀಳನ್ನು ಅಳಿಸಿದರೆಂದು ಉತ್ತರಿಸಿ ಮುಗಿಸುತ್ತಿದ್ದೆವು. ಆ ಉತ್ತರ ಸುಳ್ಳಲ್ಲ. ಆದರೆ ಐಸಾಕರ ಹೆಸರಿನ ಮುಂದೆ ನಿಂತು ಅಷ್ಟನ್ನೇ ಹೇಳಲು ನಾಲಗೆ ಏಳಲಿಲ್ಲ. ನಾವು ಏಳನೆಯ ಇಯತ್ತೆಯಲ್ಲಿದ್ದಾಗ ವಾಸವಿದ್ದ ಒಂದು ಪ್ರಸಾದ ನಿಲಯದ ನೆನಪು ಎದ್ದುಬಂದಿತು. ಕೆಳಜಾತಿಯದೆಂದು ಎಣಿಸಲ್ಪಟ್ಟ ಮನೆಯ ಹುಡುಗನೊಬ್ಬ ನಮ್ಮ ಜೊತೆಗಿದ್ದ. ಸಂಜೆಯ ಪ್ರಾರ್ಥನೆಯಲ್ಲಿ ವಚನಗಳನ್ನು ಅವನಷ್ಟು ಇಂಪಾಗಿ ಹಾಡುವವರು ಇನ್ನೊಬ್ಬರಿರಲಿಲ್ಲ. ಹಾಡು ಮುಗಿದು ಪಂಕ್ತಿ ಕೂತಾಗ ಮಾತ್ರ ಅವನ ಜಾಗ ಬಾಗಿಲ ಹತ್ತಿರ, ಬೇರೆಯಾಗಿ. ಅವನ ತಾಟು ಹೊರಗಿನ ಗೂಡಿನಲ್ಲಿ. ಹಾಗೆ ಮಾಡಿರೆಂದು ಯಾರೂ ಬಾಯಿಬಿಟ್ಟು ಹೇಳಿದ್ದು ನಮಗೆ ನೆನಪಿಲ್ಲ. ಅದು ನಡೆದುಕೊಂಡು ಬಂದಿದ್ದಿತು. ಮೂರು ವರ್ಷ ನಾವು ಅದನ್ನು ದಿನಕ್ಕೆರಡು ಬಾರಿ ಕಂಡೆವು. ಒಂದು ದಿನವೂ ಎದ್ದುಹೋಗಿ ಅವನ ಪಕ್ಕದಲ್ಲಿ ಕೂಡಲಿಲ್ಲ.

ಇದನ್ನು ಹುಡುಗಿಗೆ ಇದ್ದಂತೆಯೇ ಹೇಳಿದೆವು. ಅವಳ ತಂದೆತಾಯಿಗಳು ತಲೆ ತಗ್ಗಿಸಿ ಕೇಳಿದರು. ಅವಳು ಮಾತ್ರ, “ಅವರು ಈಗ ಎಲ್ಲಿದ್ದಾರ್ರಿ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಐವತ್ತು ವರ್ಷಗಳಲ್ಲಿ ಆ ಪ್ರಶ್ನೆ ನಮಗೆ ಹೊಳೆದಿರಲೇ ಇಲ್ಲ.

ಹಿಂದಿರುಗುವಾಗ ಸೇತುವೆಯ ಮೇಲೆ ತಂದೆಯವರು ನಮ್ಮ ಅಭಿಪ್ರಾಯ ಕೇಳಿದರು. ನಾವು ಹೇಳಿದ್ದಿಷ್ಟು. ಪರರ ದೇಶ, ಪರರ ಭಾಷೆ, ಪರರ ಧರ್ಮವನ್ನು ಓದುವ ವಿದ್ಯೆ ಕೀಳಾದುದಲ್ಲ. ಮಗುವಿಗೆ ಅದರಲ್ಲಿ ಒಲವಿದ್ದರೆ ತಡೆಯಬಾರದು. ಆದರೆ ಆ ಓದು ತನ್ನ ಮನೆಯ ಲೆಕ್ಕದ ಪುಸ್ತಕವನ್ನು ತೆರೆದು ನೋಡುವ ಧೈರ್ಯವನ್ನೂ ಕೊಡಬೇಕು. ಇಲ್ಲವಾದರೆ ಅದು ಬರಿಯ ಮಾತಿನ ಜಾಣ್ಮೆ. ಇನ್ನು ಖರ್ಚಿನ ಲೆಕ್ಕವನ್ನೂ ಮರೆಯಬಾರದು. ಅಲ್ಲಿ ಬೋಧನಾ ಶುಲ್ಕವೊಂದೇ ವರ್ಷಕ್ಕೆ 65,000 ಡಾಲರಿಗೂ ಮಿಗಿಲು. ಆ ದೇಶದ ಪೌರರಿಗೆ ಕುಟುಂಬದ ಆದಾಯ ನೋಡಿ ನೆರವು ಕೊಡುವ ಏರ್ಪಾಡಿದೆ. ಹೊರದೇಶದಿಂದ ಹೋಗುವವರಿಗೆ ಅಂಥ ನೆರವು ವಿರಳ. ಹೊಲ ಒತ್ತೆಯಿಟ್ಟು ಮಕ್ಕಳನ್ನು ಕಳಿಸುವ ವಿಚಾರವಿರುವವರು ಹತ್ತು ಬಾರಿ ಯೋಚಿಸಬೇಕು. ಪದವಿ ಪಡೆದ ಮಾತ್ರಕ್ಕೆ ರಾಯಭಾರಿಯ ಹುದ್ದೆ ಬಾಗಿಲಿಗೆ ಬರುವುದಿಲ್ಲ; ಅಮೆರಿಕೆಯ ರಾಯಭಾರ ಸೇವೆಗೆ ಆ ದೇಶದ ಪೌರತ್ವ ಕಡ್ಡಾಯ, ಪರೀಕ್ಷೆಯೂ ಬೇರೆ.

ನಮ್ಮ ನಾಡಿನಲ್ಲಿಯೇ ಇರುವ ಮಕ್ಕಳು ನಿರಾಶರಾಗಬೇಕಿಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯ ಮೂಲ 1955ರಷ್ಟು ಹಿಂದಿನದು. ಪ್ರಧಾನ ವಿಷಯ, ಉಪವಿಷಯ ಎಂಬ ಏರ್ಪಾಡು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಇದೆ. ಕರ್ನಾಟಕ 2021ರಲ್ಲಿ ಅದನ್ನು ಜಾರಿಗೆ ತಂದು, 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಭಾರತೀಯ ವಿದೇಶಾಂಗ ಸೇವೆಗೆ ಯಾವ ಪದವಿಯಾದರೂ ಸಾಕು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿಯೂ ಆರಿಸಬಹುದು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು 1950ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 2009ರಿಂದ 2012ರವರೆಗೆ ದೇಶದ ವಿದೇಶಾಂಗ ಸಚಿವರಾಗಿದ್ದು 2024ರಲ್ಲಿ ನಿಧನರಾದ ಎಸ್.ಎಂ. ಕೃಷ್ಣ ಅವರು ಇದೇ ವಾಷಿಂಗ್ಟನ್ ನಗರದ ಇನ್ನೊಂದು ವಿಶ್ವವಿದ್ಯಾನಿಲಯವಾದ ಜಾರ್ಜ್ ವಾಷಿಂಗ್ಟನ್‌ನಲ್ಲಿ ಓದಿದವರು. ದಾರಿಗಳು ಹಲವಿವೆ.

2024ರ ಏಪ್ರಿಲ್‌ನಲ್ಲಿ ಹುಡುಗಿಯಿಂದ ದೂರವಾಣಿ ಬಂದಿತು. ಜಾರ್ಜ್‌ಟೌನ್‌ನಲ್ಲಿ ಅವಳಿಗೆ ಪ್ರವೇಶ ಸಿಗಲಿಲ್ಲ. ನೂರು ಅರ್ಜಿಗಳಲ್ಲಿ ಹದಿನೈದನ್ನೂ ಒಪ್ಪದ ವಿದ್ಯಾಲಯವದು. ಅತ್ತಳಂತೆ, ಆಮೇಲೆ ಕಡಿಮೆ ಶುಲ್ಕದ ಸರ್ಕಾರಿ ವಿಶ್ವವಿದ್ಯಾನಿಲಯವೊಂದರಲ್ಲಿ ಅದೇ ವಿಷಯವನ್ನು, ಅರ್ಥಶಾಸ್ತ್ರವನ್ನು ಉಪವಿಷಯವಾಗಿಟ್ಟುಕೊಂಡು, ಓದಲು ಸೇರಿದಳು. ತಂದೆಯವರು ತಾವೇ ಹೋಗಿ ಬಿಟ್ಟುಬಂದರಂತೆ. ಮಾತಿನ ಕೊನೆಗೆ ಅವಳು ಕೇಳಿದಳು: “ಆ ಹಾಡೋ ಹುಡುಗ ಸಿಕ್ರೇನ್ರಿ ಅಜ್ಜಾರ?”

ಅದಕ್ಕೆ ನಾವು ಉತ್ತರ ಸಿದ್ಧವಾಗಿಟ್ಟುಕೊಂಡಿದ್ದೆವು. ಊರಿಗೆ ಮರಳಿದ ತಿಂಗಳೊಪ್ಪತ್ತಿನಲ್ಲಿ ಹಳೆಯ ಗೆಳೆಯರನ್ನು ವಿಚಾರಿಸುತ್ತ ಹೋಗಿ, ಆತನನ್ನು ಕಂಡುಹಿಡಿದೆವು. ಪ್ರಾಥಮಿಕ ಶಾಲೆಯ ಮುಖ್ಯಾಧ್ಯಾಪಕರಾಗಿ ನಿವೃತ್ತರಾಗಿದ್ದಾರೆ. ಬಾಗಿಲಲ್ಲಿ ನಿಂತ ನಮ್ಮ ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹೇಳಬೇಕೆಂದು ಜೋಡಿಸಿಕೊಂಡು ಹೋಗಿದ್ದ ಮಾತುಗಳನ್ನು ಅರ್ಧಕ್ಕೇ ತಡೆದು, “ಊಟದ ಹೊತ್ತಾತು, ಮೊದಲು ಕೈಕಾಲು ತೊಳಕೋರಿ” ಎಂದರು. ಪಡಸಾಲೆಯಲ್ಲಿ ಎರಡು ತಾಟು ಹಾಕಿಸಿದರು. ನಾವು ನಮ್ಮ ತಾಟನ್ನು ಅವರ ತಾಟಿನ ಪಕ್ಕಕ್ಕೆ ಸರಿಸಿಕೊಂಡು ಕುಳಿತೆವು.